ನೇಗಿಲು ಇಳಿಯದ ಗದ್ದೆ: ಚೇರ್ಕಾಡಿಯ ಎರಡೂವರೆ ಎಕರೆ ಮತ್ತು ಊರು ದಾಟಿದ ಬೀಜ

(ನಮ್ಮ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗೋ ಹಾಗೆ ಅಲ್ಲಲ್ಲಿ ತಿದ್ದಿದ್ದೇವೆ, ಆಡುಮಾತನ್ನು ಹಾಗೇ ಬಿಟ್ಟಿದ್ದೇವೆ.)

ಸೂಪರ್‌ಮಾರ್ಕೆಟ್‌ನಲ್ಲಿ ಸಾವಯವ ಅಕ್ಕಿಯ ಪ್ಯಾಕೆಟ್ ಸಿಕ್ಕರೆ ಒಮ್ಮೆ ತಿರುಗಿಸಿ ನೋಡಿ. ಹಿಂಭಾಗದಲ್ಲಿ ಒಂದು ಪುಟ್ಟ ಕಥೆ ಇರುತ್ತೆ. ‘ಮೂರು ತಲೆಮಾರಿನಿಂದ ನಮ್ಮ ಕುಟುಂಬ’ ಅಂತ ಶುರುವಾಗುತ್ತೆ. ಪಕ್ಕದಲ್ಲಿ ಒಂದು ಹಸು, ನಗ್ತಾ ಇರೋ ಒಬ್ಬ ಅಜ್ಜ. ಓದೋಕೆ ಚೆನ್ನಾಗಿರುತ್ತೆ. ಆದ್ರೆ ಆ ಮೂರು ತಲೆಮಾರಲ್ಲಿ ಕಳೆ ಕಿತ್ತಿದ್ದು ಯಾರು, ಗೊಬ್ಬರಕ್ಕೆ ಸೊಪ್ಪು ಎಲ್ಲಿಂದ ಬಂತು, ಮುಂದಿನ ವರ್ಷಕ್ಕೆ ಬೀಜ ತೆಗೆದಿಟ್ಟಿದ್ದು ಯಾರು, ಇದ್ಯಾವುದೂ ಪ್ಯಾಕೆಟ್ ಮೇಲೆ ಇರಲ್ಲ. ಇವತ್ತು ಅದರ ಬಗ್ಗೆ ಮಾತಾಡೋಣ.

ಅದಕ್ಕೆ ಉಡುಪಿ ಜಿಲ್ಲೆಗೆ ಹೋಗಬೇಕು. ಬ್ರಹ್ಮಾವರದಿಂದ ಹೆಬ್ರಿ ಕಡೆ ಹೋಗೋ ರಸ್ತೆಯಲ್ಲಿ ಪೇತ್ರಿ ಅನ್ನೋ ಸಣ್ಣ ಪೇಟೆ ಸಿಗುತ್ತೆ. ಆ ಭಾಗದ ಊರು ಚೇರ್ಕಾಡಿ. ಮೊದಲು ಉಡುಪಿ ತಾಲೂಕು, ಈಗ ಬ್ರಹ್ಮಾವರ ತಾಲೂಕು. ಕರಾವಳಿಯಲ್ಲಿ ಕೃಷಿಯ ಬಗ್ಗೆ ಆಸಕ್ತಿ ಇದ್ದವರ ಹತ್ತಿರ ಈ ಊರಿನ ಹೆಸರು ಹೇಳಿದ್ರೆ ಸಾಕು, ಅವರೇ ಮುಂದಿನ ಹೆಸರು ಹೇಳ್ತಾರೆ: ಚೇರ್ಕಾಡಿ ರಾಮಚಂದ್ರ ರಾಯರು.

ರಾಯರು ಗಾಂಧಿವಾದಿ. ಭಾಷಣ ಮಾಡೋ ಗಾಂಧಿವಾದಿ ಅಲ್ಲ, ಚರಕ ತಿರುಗಿಸೋ ಗಾಂಧಿವಾದಿ. ತಾನು ಉಡೋ ಬಟ್ಟೆಯ ನೂಲನ್ನ ತಾನೇ ತೆಗೀಬೇಕು, ತಾನು ಉಣ್ಣೋ ಅಕ್ಕಿಯನ್ನ ತಾನೇ ಬೆಳೀಬೇಕು ಅನ್ನೋದು ಅವರ ಲೆಕ್ಕ. ಅವರ ಹತ್ತಿರ ಇದ್ದದ್ದು ಸುಮಾರು ಎರಡೂವರೆ ಎಕರೆ ಜಾಗ. ಅದರಲ್ಲಿ ಅವರು ಭತ್ತ ಬೆಳೀತಾ ಇದ್ರು. ನೇಗಿಲು ಇಲ್ಲ, ಎತ್ತು ಇಲ್ಲ, ಟ್ರ್ಯಾಕ್ಟರ್ ಇಲ್ಲ, ಯೂರಿಯಾ ಇಲ್ಲ, ಔಷಧಿ ಸಿಂಪಡಣೆ ಇಲ್ಲ. ಗದ್ದೆಯನ್ನ ಉಳ್ತಾನೇ ಇರಲಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಉಳದೆ ಭತ್ತ ಬೆಳೆಯೋದು ಅಂದ್ರೆ ಕರಾವಳಿಯವರಿಗೆ ಅದು ಎಷ್ಟು ವಿಚಿತ್ರ ಅಂತ ಬೇರೆ ಕಡೆಯವರಿಗೆ ಗೊತ್ತಾಗಲಿಕ್ಕಿಲ್ಲ. ನಮ್ಮಲ್ಲಿ ಮಳೆಗಾಲ ಶುರು ಅಂದ್ರೇ ಗದ್ದೆ ಉಳೋದು. ಕೆಸರು ಮಾಡೋದು, ಹಲಗೆ ಹೊಡೆಯೋದು, ನೇಜಿ ನೆಡೋದು. ಕಂಬಳ ಇದೆಯಲ್ಲ, ಆ ಕೋಣಗಳು ಓಡೋದು ಕೆಸರುಗದ್ದೆಯಲ್ಲೇ. ಅಂಥ ಊರಲ್ಲಿ ಕೂತು ಒಬ್ಬರು ‘ಗದ್ದೆ ಉಳೋದು ಬೇಡ’ ಅಂದ್ರೆ ಜನ ಹೇಗೆ ನೋಡಿರಬಹುದು ಅಂತ ನೀವೇ ಊಹಿಸಿ.

ಹಾಗಾದ್ರೆ ಗದ್ದೆ ಉಳೋದು, ಕೆಸರು ಮಾಡೋದು ಯಾಕೆ?

ತುಂಬಾ ಜನ ಅಂದ್ಕೊಂಡಿರೋದು ಭತ್ತ ನೀರಿನ ಗಿಡ, ನೀರಿಲ್ಲದಿದ್ರೆ ಸಾಯುತ್ತೆ ಅಂತ. ಅದು ಅರ್ಧ ಸತ್ಯ. ಭತ್ತಕ್ಕೆ ನೀರಲ್ಲಿ ನಿಂತೇ ಬದುಕಬೇಕು ಅಂತೇನಿಲ್ಲ, ನೀರಲ್ಲಿ ನಿಂತ್ರೂ ಬದುಕೋ ಶಕ್ತಿ ಇದೆ, ಅಷ್ಟೇ. ಅದರ ಕಾಂಡ, ಬೇರಿನ ಒಳಗೆ ಗಾಳಿ ಓಡಾಡೋ ಸಣ್ಣ ಸಣ್ಣ ಕೊಳವೆ ಥರದ ಜಾಗ ಇರುತ್ತೆ. ಎಲೆಯಿಂದ ಗಾಳಿ ಬೇರಿಗೆ ಇಳಿಯುತ್ತೆ. ಹೆಚ್ಚಿನ ಕಳೆಗಳಿಗೆ ಈ ವ್ಯವಸ್ಥೆ ಇಲ್ಲ. ಹಾಗಾಗಿ ಗದ್ದೆಯಲ್ಲಿ ನೀರು ನಿಲ್ಲಿಸಿದ್ರೆ ಕಳೆ ಉಸಿರು ಕಟ್ಟಿ ಸಾಯುತ್ತೆ, ಭತ್ತ ಉಳಿಯುತ್ತೆ. ಆ ನೀರು ಕೆಳಗೆ ಇಂಗದೆ ನಿಲ್ಲಬೇಕಲ್ಲ, ಅದಕ್ಕೆ ಮಣ್ಣನ್ನ ಉತ್ತು ಕಲಸಿ ಕೆಸರು ಮಾಡ್ತಾರೆ. ಕೆಸರು ಕೂತಾಗ ಕೆಳಗೊಂದು ಗಟ್ಟಿ ಪದರ ಆಗುತ್ತೆ, ಮಣ್ಣಿನ ಪಾತ್ರೆ ಥರ ನೀರು ಹಿಡಿಯುತ್ತೆ. ಅಂದ್ರೆ ಉಳುಮೆ, ಕೆಸರು, ನಿಂತ ನೀರು, ಈ ಮೂರೂ ಬಹುಮಟ್ಟಿಗೆ ಕಳೆ ನಿವಾರಣೆಯ ಏರ್ಪಾಡು.

ಈಗ ರಾಯರ ಗದ್ದೆಗೆ ವಾಪಸ್ ಬನ್ನಿ. ಉಳುಮೆ ಬಿಟ್ರೆ ಕಳೆ ಬರುತ್ತೆ. ಬರಲಿ. ಅದನ್ನ ಕೈಯಲ್ಲಿ ಕಿತ್ತು ಅಲ್ಲೇ ಹಾಕಿದ್ರೆ ಅದೇ ಗೊಬ್ಬರ. ಮೇಲಿಂದ ಸೊಪ್ಪು, ತರಗೆಲೆ, ಹುಲ್ಲು ಮುಚ್ಚಿದ್ರೆ ಹೊಸ ಕಳೆಗೆ ಬೆಳಕು ಸಿಗಲ್ಲ. ಗಿಡಗಳನ್ನ ಒತ್ತೊತ್ತಾಗಿ ನೆಡದೆ ದೂರ ದೂರಕ್ಕೆ ನೆಟ್ರೆ ಒಂದೊಂದು ಬುಡಕ್ಕೂ ಬೆಳಕು, ಗಾಳಿ ಸಾಕಷ್ಟು ಸಿಕ್ಕಿ ಹೆಚ್ಚು ತೆಂಡೆ ಒಡೆಯುತ್ತೆ. ನೀರು ಕಟ್ಟಬೇಕಾಗಿಲ್ಲ, ಮಣ್ಣು ಒದ್ದೆ ಇದ್ರೆ ಸಾಕು. ರಾಯರ ಪದ್ಧತಿಯ ತಿರುಳು ಇಷ್ಟು.

ಇದರಲ್ಲಿ ಒಂದು ಭಾಗ ನಿಮಗೆ ಬೇರೆ ಹೆಸರಲ್ಲಿ ಗೊತ್ತಿರಬಹುದು. ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪದಲ್ಲಿ ಆನ್ರಿ ದ ಲೊಲಾನಿಯೆ ಅನ್ನೋ ಫ್ರೆಂಚ್ ಪಾದ್ರಿ ಒಬ್ಬರು 1983ರಲ್ಲಿ ಹೆಚ್ಚುಕಡಿಮೆ ಇದೇ ತೀರ್ಮಾನಕ್ಕೆ ಬಂದ್ರು: ಎಳೆ ಸಸಿ, ಒಂದೊಂದೇ ಸಸಿ, ದೂರ ದೂರಕ್ಕೆ, ನೀರು ನಿಲ್ಲಿಸದೆ. ಅದನ್ನೇ ಈಗ ‘ಶ್ರೀ ಪದ್ಧತಿ’ ಅಂತಾರೆ. ಮಾಮೂಲಿ ನಾಟಿಗೆ ಎಕರೆಗೆ 25 ಕೆ.ಜಿ. ಆಸುಪಾಸು ಬೀಜ ಬೇಕಾದ್ರೆ, ಇದರಲ್ಲಿ 2 ಕೆ.ಜಿ. ಸಾಕಾಗುತ್ತೆ. ಉಳುಮೆ ಬಿಡೋ ವಿಷಯದಲ್ಲಿ ಮಾತ್ರ ಎಲ್ಲರೂ ನೆನಪಿಸಿಕೊಳ್ಳೋ ಹೆಸರು ಜಪಾನಿನ ಮಸನೊಬು ಫುಕುವೋಕಾ. ಶಿಕೊಕು ದ್ವೀಪದ ರೈತ. ಅವರ ‘ಒಂದು ಹುಲ್ಲಿನ ಕ್ರಾಂತಿ’ ಜಪಾನಿನಲ್ಲಿ ಬಂದಿದ್ದು 1975ರಲ್ಲಿ, ಇಂಗ್ಲಿಷಿಗೆ 1978ರಲ್ಲಿ. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ‘ಸಹಜ ಕೃಷಿ’ ಬರೆದ ಮೇಲೆ ಆ ಹೆಸರು ಮಲೆನಾಡು ಕರಾವಳಿಯ ಓದುಗರ ಮನೆ ಸೇರ್ತು.

ರಾಯರನ್ನ ‘ಭಾರತದ ಫುಕುವೋಕಾ’ ಅಂತ ಪತ್ರಿಕೆಗಳು ಕರೆದವು. ನನಗೆ ಈ ಬಿರುದು ಅಷ್ಟು ಇಷ್ಟ ಆಗಲ್ಲ. ಹೋಲಿಕೆ ತಪ್ಪಲ್ಲ, ಆದ್ರೆ ಇಬ್ಬರ ದಾರಿ ಬೇರೆ. ಫುಕುವೋಕಾ ಸಸ್ಯರೋಗ ಓದಿದ ವಿಜ್ಞಾನಿ, ಪ್ರಯೋಗಾಲಯ ಬಿಟ್ಟು ತೋಟಕ್ಕೆ ಬಂದವರು. ‘ಏನೂ ಮಾಡದ ಕೃಷಿ’ ಅನ್ನೋದು ಅವರ ಮಾತು. ರಾಯರದ್ದು ಏನೂ ಮಾಡದ ಕೃಷಿ ಅಲ್ಲ, ಎಲ್ಲವನ್ನೂ ಕೈಯಾರೆ ಮಾಡೋ ಕೃಷಿ. ಅವರ ಬೇರು ಗಾಂಧಿಯ ಕಾಯಕದಲ್ಲಿ, ಚರಕದಲ್ಲಿ ಇದೆ.

ಸರಿ, ಈಗ ಪ್ಯಾಕೆಟ್ ಮೇಲೆ ಇರದ ಮೊದಲ ವಿಷಯಕ್ಕೆ ಬರೋಣ. ಗೊಬ್ಬರ.

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಣ್ಣು ಮುರಕಲ್ಲಿನದ್ದು, ಕೆಂಪು, ಹುಳಿ ಗುಣದ್ದು. ಇಂಥ ಮಣ್ಣಲ್ಲಿ ಹಾಕಿದ ಗೊಬ್ಬರ ನಿಲ್ಲೋದೇ ಕಷ್ಟ. ಒಂದು ಜೋರು ಮಳೆ ಬಂದ್ರೆ ಚೆಲ್ಲಿದ ಯೂರಿಯಾದ ದೊಡ್ಡ ಪಾಲು ತೋಡಿಗೆ ಹೋಗುತ್ತೆ. ನಮ್ಮ ಹಿರಿಯರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ ಅನ್ನೋಣ, ಆದ್ರೆ ಮಣ್ಣಿನ ಸ್ವಭಾವ ಗೊತ್ತಿತ್ತು. ಅದಕ್ಕೇ ಬೂದಿ ಹಾಕ್ತಿದ್ರು, ಸುಡುಮಣ್ಣು ಮಾಡ್ತಿದ್ರು, ಹಟ್ಟಿಗೆ ಹಸಿ ಸೊಪ್ಪು ಹಾಸಿ, ದನ ತುಳಿದು ಸೆಗಣಿ ಗಂಜಲ ಬೆರೆತ ಮೇಲೆ ಅದನ್ನ ಗದ್ದೆಗೆ ಹೊರ್ತಿದ್ರು. ಸೊಪ್ಪು ನಿಧಾನ ಕೊಳೆಯುತ್ತೆ, ಸ್ವಲ್ಪ ಸ್ವಲ್ಪ ಬಿಟ್ಟುಕೊಡುತ್ತೆ. ಮಳೆಗೆ ಒಂದೇ ಸಲ ತೊಳೆದು ಹೋಗಲ್ಲ. ಬೂದಿ ಮಣ್ಣಿನ ಹುಳಿ ಇಳಿಸುತ್ತೆ.

ಆ ಸೊಪ್ಪು ಎಲ್ಲಿಂದ? ಗದ್ದೆಯಿಂದ ಅಲ್ಲ, ಗದ್ದೆಯ ಹಿಂದಿನ ಗುಡ್ಡದಿಂದ. ಹಳೆಯ ದಕ್ಷಿಣ ಕನ್ನಡದಲ್ಲಿ, ಅಂದ್ರೆ 1997ರಲ್ಲಿ ಉಡುಪಿ ಬೇರೆ ಜಿಲ್ಲೆ ಆಗೋ ಮೊದಲಿನ ದೊಡ್ಡ ಜಿಲ್ಲೆಯಲ್ಲಿ, ‘ಕುಮ್ಕಿ’ ಅಂತ ಒಂದು ಹಕ್ಕಿತ್ತು. ನಿಮ್ಮ ಹಳೆಯ ವರ್ಗ ಜಾಗದ ಗಡಿಯಿಂದ 100 ಗಜದವರೆಗಿನ ಸರಕಾರಿ ಜಾಗದಲ್ಲಿ ನೀವು ಸೊಪ್ಪು ಕೊಯ್ಯಬಹುದು, ದನ ಮೇಯಿಸಬಹುದು, ತರಗೆಲೆ ಗುಡಿಸಬಹುದು. ಜಾಗ ನಿಮ್ಮದಲ್ಲ, ಸೊಪ್ಪು ನಿಮ್ಮದು. ಒಂದು ಎಕರೆ ಗದ್ದೆ ಬದುಕಬೇಕಾದ್ರೆ ಅದರ ಹಿಂದೆ ಇಷ್ಟು ಹಾಡಿ ಬೇಕು ಅನ್ನೋ ಲೆಕ್ಕ ಬ್ರಿಟಿಷರ ಕಾಲದ ಕಂದಾಯದ ಕಡತಕ್ಕೂ ಗೊತ್ತಿತ್ತು.

ಈಗ ಆ ಗುಡ್ಡಗಳಲ್ಲಿ ಏನಿದೆ? ರಬ್ಬರ್, ಗೇರು, ಅಕೇಶಿಯಾ, ಮನೆ, ಲೇಔಟ್. ಹಟ್ಟಿಯಲ್ಲಿ ದನ ಇಲ್ಲ, ಬೈಕ್ ಇದೆ. ಹಾಗಾಗಿ ‘ನಮ್ಮಜ್ಜನ ಥರ ಸಾವಯವ ಮಾಡ್ತೇವೆ’ ಅಂತ ಊರಿಗೆ ವಾಪಸ್ ಬಂದ ಎಷ್ಟೋ ಹುಡುಗರು ಮೊದಲ ವರ್ಷವೇ ಪೇಟೆಯಿಂದ ಗೊಬ್ಬರದ ಚೀಲ ತರಬೇಕಾಗುತ್ತೆ. ಚೀಲದ ಮೇಲೆ ‘ಸಾವಯವ’ ಅಂತ ಬರೆದಿರುತ್ತೆ, ಅಷ್ಟೇ ವ್ಯತ್ಯಾಸ. ಅವರದ್ದು ತಪ್ಪು ಅಂತ ಹೇಳ್ತಾ ಇಲ್ಲ. ಅಜ್ಜನ ಹತ್ತಿರ ಗದ್ದೆ ಜೊತೆ ಒಂದು ಗುಡ್ಡ ಇತ್ತು, ಇವರ ಹತ್ತಿರ ಗದ್ದೆ ಮಾತ್ರ ಇದೆ.

ಎರಡನೆಯ ವಿಷಯ, ಕೆಲಸ. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು.

‘ಕುಟುಂಬದ ತೋಟ’ ಅನ್ನೋ ಮಾತು ಕೇಳೋಕೆ ಬೆಚ್ಚಗಿರುತ್ತೆ. ಲೆಕ್ಕದ ಪುಸ್ತಕದಲ್ಲಿ ಅದರ ಅರ್ಥ ಬೇರೆ: ಕೂಲಿ ಬರೆಯದ ದುಡಿಮೆ. ರಾಯರ ಎರಡೂವರೆ ಎಕರೆಯ ಗುಟ್ಟು ಅಲ್ಲೇ ಇತ್ತು. ಮನೆಯವರ ಕೈಕೆಲಸವೇ ಬಂಡವಾಳ. ಆಳು ಇಲ್ಲ, ಯಂತ್ರ ಇಲ್ಲ, ಸಾಲ ಇಲ್ಲ. ಗಾಂಧಿವಾದಿಗೆ ಅದು ಆಯ್ಕೆ, ಹೆಮ್ಮೆ. ಆದ್ರೆ ಎಲ್ಲ ಮನೆಯಲ್ಲೂ ಅದು ಆಯ್ಕೆ ಆಗಿರಲ್ಲ. ಕರಾವಳಿಯಲ್ಲಿ ನೇಜಿ ಕೀಳೋದು, ನೆಡೋದು, ಕಳೆ ತೆಗೆಯೋದು ಹೆಚ್ಚಾಗಿ ಹೆಂಗಸರ ಕೆಲಸ. ಗದ್ದೆಯ ಪಹಣಿ ಪತ್ರ ಹೆಚ್ಚಾಗಿ ಗಂಡಸರ ಹೆಸರಲ್ಲಿ. ಪ್ರಶಸ್ತಿ ಬಂದಾಗ ಫೋಟೋದಲ್ಲಿ ಒಬ್ಬರೇ ಇರ್ತಾರೆ, ಶಾಲು ಹೊದ್ದುಕೊಂಡು. ಉಳುಮೆ ಬಿಟ್ಟು ಕೈಯಲ್ಲಿ ಕಳೆ ಕೀಳೋ ಪದ್ಧತಿಯನ್ನ ಹೊಗಳುವಾಗ, ಆ ಕಳೆ ಕೀಳೋ ಬೆನ್ನು ಯಾರದ್ದು ಅಂತ ಕೇಳಲೇಬೇಕು. ಎರಡೂವರೆ ಎಕರೆಯಲ್ಲಿ ಮನೆಯವರೇ ಮಾಡಬಹುದಾದ ಕೆಲಸ ಹತ್ತು ಎಕರೆಗೆ ಹೋದ ಕೂಡಲೇ ಬೇರೆ ಲೆಕ್ಕ ಆಗುತ್ತೆ. ಚೇರ್ಕಾಡಿಯ ಪದ್ಧತಿ ಬೇರೆ ಕಡೆ ದೊಡ್ಡ ಮಟ್ಟದಲ್ಲಿ ಹರಡದೇ ಇದ್ದದ್ದಕ್ಕೆ ನನಗನ್ನಿಸೋ ದೊಡ್ಡ ಕಾರಣ ಇದೇ. ಪದ್ಧತಿ ಸೋತಿದ್ದಲ್ಲ, ಅದು ನಡೀಬೇಕಾದ್ರೆ ಇಡೀ ಮನೆ ಗದ್ದೆಯಲ್ಲೇ ಇರಬೇಕು. ಮನೆಗಳು ಹಾಗೆ ಉಳಿಯಲಿಲ್ಲ.

ಯಾಕೆ ಉಳಿಯಲಿಲ್ಲ ಅನ್ನೋದನ್ನ ಇಲ್ಲಿ ಬೇಗ ಹೇಳಿ ಮುಗಿಸ್ತೇನೆ, ಯಾಕಂದ್ರೆ ನಿಮ್ಮ ಮನೆಯಲ್ಲೇ ಅದರ ಕಥೆ ಇರುತ್ತೆ. 1974ರ ಭೂಸುಧಾರಣೆಯಿಂದ ಗೇಣಿಗೆ ದುಡೀತಿದ್ದ ಸಾವಿರಾರು ಮನೆಗಳಿಗೆ ಜಾಗ ಸಿಕ್ತು. ಅದು ದೊಡ್ಡ ಬದಲಾವಣೆ. ಆ ಮನೆಯ ಮಕ್ಕಳು ಓದಿದ್ರು, ಮುಂಬೈಗೆ ಹೋದ್ರು, ಗಲ್ಫಿಗೆ ಹೋದ್ರು, ಈಗ ಬೆಂಗಳೂರಿಗೆ. ಗದ್ದೆ ಹಡಿಲು ಬಿತ್ತು. ‘ಹಡಿಲು’ ಅಂದ್ರೆ ಬೇಸಾಯ ಬಿಟ್ಟ ಗದ್ದೆ. ಉಡುಪಿಯಲ್ಲಿ ಅದು ಎಷ್ಟಾಯ್ತು ಅಂದ್ರೆ, 2021ರಲ್ಲಿ ಹಡಿಲು ಗದ್ದೆಗಳನ್ನ ಮತ್ತೆ ಬೇಸಾಯ ಮಾಡೋಕೆ ಒಂದು ಆಂದೋಲನವೇ ನಡೀತು. ಅಲ್ಲಿ ಬೆಳೆದ ಕಜೆ ಅಕ್ಕಿ ‘ಉಡುಪಿ ಕೇದಾರ’ ಅನ್ನೋ ಹೆಸರಲ್ಲಿ ಅಂಗಡಿಗೂ ಬಂತು.

ಇನ್ನು ಮೂರನೆಯದು, ಬೀಜ. ನಾನು ಈ ಸಂಚಿಕೆ ಮಾಡ್ಬೇಕು ಅಂದ್ಕೊಂಡಿದ್ದೇ ಇದಕ್ಕಾಗಿ.

ಭತ್ತದ ಬೀಜಕ್ಕೆ ಆಯುಷ್ಯ ಕಡಿಮೆ. ನಮ್ಮ ಕರಾವಳಿಯ ತೇವದ ಹವೆಯಲ್ಲಿ ಮನೆಯ ಅಟ್ಟದಲ್ಲಿಟ್ಟ ಬೀಜ ಒಂದು ವರ್ಷ ಚೆನ್ನಾಗಿ ಮೊಳೆಯುತ್ತೆ, ಎರಡನೇ ವರ್ಷಕ್ಕೆ ಅನುಮಾನ, ಮೂರನೇ ವರ್ಷಕ್ಕೆ ಹೆಚ್ಚಿನದ್ದು ಸತ್ತಿರುತ್ತೆ. ಹಳಬರು ಅದಕ್ಕೆ ಬೈಹುಲ್ಲಿನ ಮುಡಿ ಕಟ್ತಿದ್ರು. ಹುಲ್ಲನ್ನ ಬಿಗಿಯಾಗಿ ಸುತ್ತಿ, ಹಗ್ಗ ಎಳೆದು, ಚೆಂಡಿನ ಥರ ಮಾಡಿ ಒಳಗೆ ಭತ್ತ ಅಥವಾ ಅಕ್ಕಿ. ಅಕ್ಕಿಯ ಮುಡಿ ಅಂದ್ರೆ 42 ಸೇರು, ಮೂರು ಕಳಸೆ. ಅಳತೆಯೂ ಅದೇ, ಡಬ್ಬಿಯೂ ಅದೇ. ಹುಲ್ಲು ತೇವ ಹೀರಿಕೊಳ್ಳುತ್ತೆ, ಅಡುಗೆಮನೆಯ ಹೊಗೆ ಹುಳು ಬರದ ಹಾಗೆ ನೋಡುತ್ತೆ. ಆದ್ರೂ ಮುಡಿ ಬೀಜಕ್ಕೆ ಒಂದು ವರ್ಷ ಕೊಡುತ್ತೆ, ಹತ್ತು ವರ್ಷ ಕೊಡಲ್ಲ. ಒಂದು ಭತ್ತದ ತಳಿ ಬದುಕಬೇಕಾದ್ರೆ ಯಾರಾದ್ರೂ ಅದನ್ನ ಹೆಚ್ಚುಕಡಿಮೆ ಪ್ರತಿ ವರ್ಷ ಬಿತ್ತಲೇಬೇಕು. ಮನೆಯಲ್ಲಿ ಒಂದು ವರ್ಷ ಕಾಯಿಲೆ, ಒಂದು ವರ್ಷ ಮದುವೆ, ಒಂದು ವರ್ಷ ನೆರೆ. ಅಷ್ಟರಲ್ಲಿ ತಳಿ ಹೋಯ್ತು.

1966ರಲ್ಲಿ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಐಆರ್-8 ಬಿಟ್ಟ ಮೇಲೆ ಹೊಸ ತಳಿಗಳ ಕಾಲ ಶುರುವಾಯ್ತು. ಕರಾವಳಿಯಲ್ಲಿ ಅದರ ಕಥೆ ಸ್ವಲ್ಪ ಬೇರೆ. ಇಲ್ಲಿನವರಿಗೆ ಕೆಂಪು ಕುಚ್ಚಲಕ್ಕಿಯೇ ಆಗಬೇಕು, ಬಿಳಿ ಅಕ್ಕಿ ಉಂಡ್ರೆ ಹೊಟ್ಟೆ ತುಂಬಿದ ಹಾಗೆ ಆಗಲ್ಲ. ಆಮೇಲೆ ಈ ಕಡೆ ಗಟ್ಟಿಯಾಗಿ ಕೂತಿದ್ದು ಎಂಒ-4. ನಮ್ಮದೇ ಊರಿನ ಭತ್ತ ಅಂತ ಎಷ್ಟೋ ಜನ ಅಂದ್ಕೊಂಡಿರೋ ಈ ತಳಿ ಬಂದಿದ್ದು ಕೇರಳದ ಕುಟ್ಟನಾಡಿನ ಮೊಂಕೊಂಬು ಸಂಶೋಧನಾ ಕೇಂದ್ರದಿಂದ, ಅಲ್ಲಿ ಇದರ ಹೆಸರು ‘ಭದ್ರ’. ಒಳ್ಳೆ ಇಳುವರಿ, ಕೆಂಪಕ್ಕಿ, ರೈತರಿಗೆ ಒಗ್ಗಿತು. ಆದ್ರೆ ಒಂದು ತಳಿ ಎಲ್ಲ ಗದ್ದೆಗೂ ಬಂದಾಗ ಕಯಮೆ, ಅತಿಕಾರಯ, ಮಸ್ಕತಿ, ಗಂಧಸಾಲೆ ಥರದವು ಗದ್ದೆಯಿಂದ ಒಂದೊಂದಾಗಿ ಹಿಂದೆ ಸರಿದವು. ಯಾರೂ ಅವುಗಳನ್ನ ಓಡಿಸಲಿಲ್ಲ, ಒಂದು ವರ್ಷ ಬಿತ್ತೋದು ಬಿಟ್ರು, ಅಷ್ಟೇ.

ಇಲ್ಲಿಂದ ಕಥೆ ಚೇರ್ಕಾಡಿ ಬಿಟ್ಟು ನೂರು ಕಿಲೋಮೀಟರಿಗೂ ದೂರ, ದಕ್ಷಿಣಕ್ಕೆ ಹೋಗುತ್ತೆ. ಕಾಸರಗೋಡು ಜಿಲ್ಲೆಯ ಬೆಳ್ಳೂರು ಪಂಚಾಯತ್, ನೆಟ್ಟಣಿಗೆ. 1956ರಲ್ಲಿ ಕೇರಳಕ್ಕೆ ಸೇರಿದ್ರೂ ಮನೆಮಾತು ಕನ್ನಡ, ತುಳು. ಅಲ್ಲಿನ ಕೃಷಿಕ ಸತ್ಯನಾರಾಯಣ ಬೆಳೇರಿ. ಅವರಿಗೆ ಚೇರ್ಕಾಡಿ ರಾಮಚಂದ್ರ ರಾಯರಿಂದ ಸ್ವಲ್ಪ ಬೀಜ ಸಿಕ್ತು. ತಳಿಯ ಹೆಸರು ರಾಜಕಯಮೆ. ಕ್ವಿಂಟಲ್ ಅಲ್ಲ, ಮುಡಿಯೂ ಅಲ್ಲ. ಗ್ರಾಂ ಲೆಕ್ಕದಲ್ಲಿ ತೂಗೋವಷ್ಟು.

ಬೆಳೇರಿಯವರ ಹತ್ತಿರ ದೊಡ್ಡ ಬೈಲು ಗದ್ದೆ ಇರಲಿಲ್ಲ. ಅವರದ್ದು ಆ ಭಾಗದ ಮಾಮೂಲಿ ಗುಡ್ಡದ ಜಾಗ, ಅಡಿಕೆ, ಕಾಳುಮೆಣಸು, ಜಾಯಿಕಾಯಿ ಬೆಳೆಯೋ ಜಾಗ. ಅಂಥವರು ರಾಜಕಯಮೆಯಿಂದ ಶುರು ಮಾಡಿ ಇವತ್ತು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನ ಕಾಪಾಡಿದ್ದಾರೆ. 2024ರಲ್ಲಿ ಪದ್ಮಶ್ರೀ ಬಂತು. ರಾಜಕಯಮೆಯನ್ನ ಕರ್ನಾಟಕ, ಕೇರಳ, ತಮಿಳುನಾಡಿನ ರೈತರಿಗೆ ತಲುಪಿಸಿದ್ದು ಪ್ರಶಸ್ತಿಯ ಜೊತೆಗಿನ ಸರಕಾರಿ ಪರಿಚಯದಲ್ಲೇ ಇದೆ.

ಗದ್ದೆ ಇಲ್ಲದೆ 650 ತಳಿ ಹೇಗೆ? ಚೀಲದಲ್ಲಿ. ಮೊದಲು ಪೇಪರ್ ಲೋಟದಲ್ಲಿ ಮೊಳಕೆ, ಸಸಿ ಆದ ಮೇಲೆ ಮಣ್ಣು ತುಂಬಿದ ಗ್ರೋ ಬ್ಯಾಗ್‌ಗೆ. ಒಂದೊಂದು ತಳಿಗೂ ಅದರದ್ದೇ ಚೀಲ, ಚೀಲಕ್ಕೊಂದು ಹೆಸರು. ಹಕ್ಕಿಗೆ ಬಲೆ. ತೆನೆ ಬಂದ ಮೇಲೆ ಕೊಯ್ದು, ಒಣಗಿಸಿ, ಕಟ್ಟಿ ಇಡೋದು. ಮತ್ತೆ ಮುಂದಿನ ವರ್ಷ ಅದೇ. ನೋಡೋಕೆ ಮಕ್ಕಳ ಆಟದ ಥರ ಇದೆ ಅಲ್ವಾ? ಇದು ನಡೆಯೋದರ ಹಿಂದೆ ಒಂದು ಜೀವಶಾಸ್ತ್ರ ಇದೆ. ಭತ್ತ ಸ್ವಕೀಯ ಪರಾಗಸ್ಪರ್ಶದ ಗಿಡ. ಹೂ ಅರಳೋ ಹೊತ್ತಿಗೆ ತನ್ನದೇ ಪರಾಗದಿಂದ ಕಾಳು ಕಟ್ಟೋ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತೆ. ಪಕ್ಕದ ಗಿಡದ ಪರಾಗ ಸೇರೋದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಮೆಕ್ಕೆಜೋಳದಲ್ಲಿ ಹೀಗೆ ಪಕ್ಕಪಕ್ಕದಲ್ಲಿ ನೂರು ತಳಿ ಇಟ್ರೆ ಎಲ್ಲ ಕಲಸುಮೇಲೋಗರ ಆಗ್ತಿತ್ತು. ಭತ್ತದಲ್ಲಿ ದೊಡ್ಡ ಅಪಾಯ ಗಾಳಿಯದ್ದಲ್ಲ, ನಮ್ಮ ಕೈಯದ್ದು: ಚೀಟಿ ಬದಲಾಗೋದು, ಒಂದು ಚೀಲದ ಕಾಳು ಇನ್ನೊಂದಕ್ಕೆ ಬೀಳೋದು. ಹಾಗಾಗಿ ಈ ಕೆಲಸಕ್ಕೆ ಎಕರೆಗಟ್ಟಲೆ ಜಾಗ ಬೇಡ, ಲೈಬ್ರರಿಯನ್ ಥರದ ಶಿಸ್ತು ಬೇಕು. ಒಂದು ವರ್ಷವೂ ರಜೆ ಇಲ್ಲದ ಲೈಬ್ರರಿಯನ್.

‘ಇಷ್ಟೆಲ್ಲ ಯಾಕೆ, ಫ್ರೀಜರ್‌ನಲ್ಲಿ ಇಡಬಹುದಲ್ಲ?’ ಅಂತ ಕೇಳಬಹುದು. ಇಡ್ತಾರೆ. ದಿಲ್ಲಿಯ ರಾಷ್ಟ್ರೀಯ ಜೀನ್ ಬ್ಯಾಂಕ್‌ನಲ್ಲಿ ಬೀಜಗಳು ಶೂನ್ಯಕ್ಕಿಂತ ಹದಿನೆಂಟು ಇಪ್ಪತ್ತು ಡಿಗ್ರಿ ಕೆಳಗೆ ಮಲಗಿವೆ. ಫಿಲಿಪ್ಪೀನ್ಸ್‌ನ ಆ ಭತ್ತದ ಸಂಸ್ಥೆಯಲ್ಲೂ 1,30,000ಕ್ಕಿಂತ ಹೆಚ್ಚು ಮಾದರಿಗಳಿವೆ. ಅದು ಬೇಕೇ ಬೇಕು. ಆದ್ರೆ ಫ್ರೀಜರ್‌ನಲ್ಲಿರೋ ಬೀಜಕ್ಕೆ ಕಳೆದ ಇಪ್ಪತ್ತು ವರ್ಷದ ಮಳೆ ಗೊತ್ತಿಲ್ಲ. ಚೀಲದಲ್ಲಿರೋದಕ್ಕೆ ಗೊತ್ತು. ಮತ್ತೆ ಕಾಪುವಿನ ಒಬ್ಬ ರೈತನಿಗೆ ಒಂದು ಹಿಡಿ ಬೀಜ ಬೇಕಾದ್ರೆ ದಿಲ್ಲಿಗೆ ಅರ್ಜಿ ಹಾಕೋದಕ್ಕಿಂತ ಇನ್ನೊಬ್ಬ ರೈತನ ಮನೆ ಜಗಲಿಗೆ ಹೋಗೋದು ಸುಲಭ.

ಬೆಳ್ಳೂರಿನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ‘ವಿಷಮುಕ್ತ’ ಅನ್ನೋ ಪದ ಬೆಂಗಳೂರಿನ ಅಂಗಡಿಯಲ್ಲಿ ಒಂದು ಜಾಹೀರಾತು. ಕಾಸರಗೋಡಿನ ಈ ಪಂಚಾಯತ್‌ಗಳಲ್ಲಿ ಅದು ಹಾಗಲ್ಲ. ಸರಕಾರಿ ಗೇರು ತೋಟಗಳ ಮೇಲೆ 1976ರಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ರು. ಕೆಳಗೆ ಮನೆಗಳಿದ್ದವು, ತೋಡುಗಳಿದ್ದವು. ಪಕ್ಕದ ಎಣ್ಮಕಜೆಯ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆ ಇದನ್ನ ಹೊರಗೆ ತಂದವರಲ್ಲಿ ಮುಖ್ಯರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದಕ್ಕೆ ತಡೆ ಹಾಕ್ತು. ಪೀಡಿತ ಪಂಚಾಯತ್‌ಗಳ ಪಟ್ಟಿಯಲ್ಲಿ ಬೆಳ್ಳೂರೂ ಇದೆ. ಆ ಊರಿನ ಒಂದು ಮನೆಯಂಗಳದಲ್ಲಿ ಭತ್ತದ ಚೀಲಗಳು ಸಾಲಾಗಿ ನಿಂತಿವೆ ಅಂತ ಓದುವಾಗ ನನಗೆ ಇದು ನೆನಪಾಗದೇ ಇರಲ್ಲ.

ಈಗ ನಿಮ್ಮಲ್ಲಿ ಕೆಲವರು ಕೇಳಬೇಕು ಅಂದ್ಕೊಂಡಿರೋ ಪ್ರಶ್ನೆ: ಇವರಿಗೆಲ್ಲ ಸರ್ಟಿಫಿಕೇಟ್ ಇದೆಯಾ?

ಸರ್ಟಿಫಿಕೇಟ್ ಅನ್ನೋದು ತುಂಬಾ ಈಚಿನದ್ದು. ಭಾರತದಲ್ಲಿ ರಫ್ತಿಗಾಗಿ ಸಾವಯವ ಪ್ರಮಾಣೀಕರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದ್ದು 2001ರಲ್ಲಿ. ಕರ್ನಾಟಕ ಸಾವಯವ ಕೃಷಿ ನೀತಿ ತಂದಿದ್ದು 2004ರಲ್ಲಿ. ಪ್ಯಾಕೆಟ್ ಮೇಲಿನ ‘ಜೈವಿಕ್ ಭಾರತ್’ ಗುರುತು ಬಂದಿದ್ದು 2017ರ ನಿಯಮದ ಜೊತೆಗೆ. ಒಬ್ಬ ರೈತ ಇವತ್ತು ರಾಸಾಯನಿಕ ಬಿಟ್ರೆ ನಾಳೆ ಸಾವಯವ ಆಗಲ್ಲ. ಭತ್ತದಂಥ ಬೆಳೆಗೆ 2 ವರ್ಷ, ಅಡಿಕೆ ತೆಂಗಿನಂಥ ಬಹುವಾರ್ಷಿಕ ಬೆಳೆಗೆ 3 ವರ್ಷ ಪರಿವರ್ತನೆಯ ಅವಧಿ. ಆ ವರ್ಷಗಳಲ್ಲಿ ಖರ್ಚು ಸಾವಯವದ್ದು, ರೇಟು ಮಾಮೂಲಿಯದ್ದು. ಹೆಚ್ಚಿನವರು ಕೈಚೆಲ್ಲೋದು ಅಲ್ಲೇ. ಮೂರನೆಯವರ ತಪಾಸಣೆಗೆ ದುಡ್ಡು ಬೇಕು, ಹಾಗಾಗಿ ಸಣ್ಣವರಿಗೆ ಪಿಜಿಎಸ್ ಅನ್ನೋ ಇನ್ನೊಂದು ದಾರಿ ಇದೆ: ಊರಿನ ರೈತರ ಗುಂಪೇ ಒಬ್ಬರ ತೋಟವನ್ನ ಇನ್ನೊಬ್ಬರು ನೋಡಿ ಖಾತ್ರಿ ಕೊಡೋದು. ತಾನು ಬೆಳೆದದ್ದನ್ನ ನೇರವಾಗಿ ತಿನ್ನೋರಿಗೇ ಮಾರೋ ಸಣ್ಣ ರೈತನಿಗೆ ಪ್ರಮಾಣಪತ್ರ ಕಡ್ಡಾಯ ಅಲ್ಲ. ಆದ್ರೆ ಜೈವಿಕ್ ಭಾರತ್ ಗುರುತು ಹಾಕೋ ಹಾಗಿಲ್ಲ.

ಹಾಗಾಗಿ ಕಜೆ ಅಕ್ಕಿ ತರೋಕೆ ಯಾರದ್ದಾದ್ರೂ ಮನೆಗೆ ಹೋದಾಗ ಗುರುತು ಹುಡುಕೋದಕ್ಕಿಂತ ಮೂರು ಪ್ರಶ್ನೆ ಕೇಳಿ: ಸೊಪ್ಪು ಎಲ್ಲಿಂದ ತರ್ತೀರಿ? ಕಳೆ ಯಾರು ತೆಗೀತಾರೆ? ಬೀಜ ಯಾರ ಹತ್ತಿರದ್ದು? ಮೂರನೆಯ ಪ್ರಶ್ನೆಗೆ ಅವರು ಒಂದು ಹೆಸರು ಹೇಳಿದ್ರೆ, ಆ ಹೆಸರನ್ನ ನಮಗೂ ಕಳಿಸಿ.

ಇಷ್ಟೆಲ್ಲ ಕೇಳಿ ನಿಮಗೂ ಒಂದು ಕೈ ನೋಡೋಣ ಅನ್ನಿಸಿದ್ರೆ, ಜೂನ್ ಮೊದಲ ಮಳೆಗೆ ಒಂದು ಹಳೆ ಬಕೆಟ್ ಸಾಕು. ತಳಕ್ಕೆ ತೂತು ಬೇಡ, ಭತ್ತ ತಡ್ಕೊಳ್ಳುತ್ತೆ. ಅರ್ಧ ಮಣ್ಣು, ಅರ್ಧ ಕೊಳೆತ ಗೊಬ್ಬರ. ಊರಿನ ಯಾವ ತಳಿಯಾದ್ರೂ ಸರಿ, ಹತ್ತು ಕಾಳು ಮೊಳಕೆ ಬರಿಸಿ ಗಟ್ಟಿಯಾದ ಎರಡು ಸಸಿ ಮಾತ್ರ ಉಳಿಸಿ. ಬಿಸಿಲು ಬೀಳೋ ಕಡೆ ಇಡಿ. ತೆನೆಯಲ್ಲಿ ಹಾಲು ತುಂಬೋ ಹೊತ್ತಿಗೆ ಗುಬ್ಬಚ್ಚಿ, ರಾಟವಾಳ ಬರ್ತವೆ, ಹಳೆ ಸೊಳ್ಳೆಪರದೆ ಕಟ್ಟಿ. ಅನ್ನ ಮಾಡೋವಷ್ಟು ಸಿಗಲ್ಲ. ಕೊಯ್ದದ್ದರಲ್ಲಿ ಅರ್ಧ ಇಟ್ಕೊಂಡು ಅರ್ಧ ಯಾರಿಗಾದ್ರೂ ಕೊಡಿ. ನೀವು ಮುಂದಿನ ವರ್ಷ ಬಿತ್ತೋಕೆ ಮರೆತ್ರೂ ಅವರ ಹತ್ತಿರ ಇರುತ್ತೆ.

ಮುಂದಿನ ವಾರ ನೀರಿನ ಕಥೆ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಹತ್ತಿರ ಒಣಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರು, ಮತ್ತೆ ಕೈಕೊಟ್ಟ ಅವರ ಮೊದಲ ಸುರಂಗಗಳು.